ಅತ್ತೆಯ ಅಗಲಗಣ್ಣಿನ ಲೆನ್ಸು

ನಮ್ಮ ಅತ್ತೆಯ ಕ್ಯಾಮೆರಾಕ್ಕೆ ಸಿಕ್ಕೂ ಇವತ್ತಿನವರೆಗೆ ಅವಳೊಡನೆ ಜಗಳವಾಡದೆ ಉಳಿದಿರುವುದು ಎರಡೇ. ಒಂದು ಚಿಂಚೋಳಿಯ ಗುಡ್ಡ, ಇನ್ನೊಂದು ವಾಡಿ ಜಂಕ್ಷನ್. ಗುಡ್ಡಕ್ಕೆ ಬಾಯಿಲ್ಲ, ಜಂಕ್ಷನ್ನಿಗೆ ಪುರುಸೊತ್ತಿಲ್ಲ!

ಅತ್ತೆ ಎಂದರೆ ನನ್ನ ತಂದೆಯ ಅಕ್ಕ, ನನ್ನನ್ನು ಸಾಕಿದವಳು. ಶಹಾಬಾದಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ಈಕೆ ನಿವೃತ್ತಳಾದ ವಾರದಲ್ಲೇ, ಬಾಗಿಲು ಹಾಕುತ್ತಿದ್ದ ಫೋಟೋ ಸ್ಟುಡಿಯೋ ಒಂದಕ್ಕೆ ಹೋಗಿ ಹಳೆಯ ಡಿಜಿಟಲ್ ಕ್ಯಾಮೆರಾವನ್ನೂ ಅದರ ಜೊತೆ ಒಂದು ವೈಡ್ ಆಂಗಲ್ ಲೆನ್ಸನ್ನೂ ಹೊತ್ತು ತಂದಳು. ಸ್ಟುಡಿಯೋದವನು ಪ್ರಾಮಾಣಿಕ, ಮೊದಲೇ ಎಚ್ಚರಿಸಿದ್ದ.

“ಟೀಚರ್, ಇದರಾಗ ಆಟೋ ಇಲ್ಲ ನೋಡ್ರಿ. ಫೋಕಸ್ ಕೈಲೇ ತಿರುವಬೇಕು.”

“ಆಟೋ ಸ್ಟ್ಯಾಂಡಿನ್ಯಾಗ ಬೇಕಾದಷ್ಟು ಅವ. ನೀ ಲೆನ್ಸ್ ಕೊಡು,” ಅಂದಳಂತೆ!

ಈ ಲೆನ್ಸಿನ ಗುಣ ದೊಡ್ಡದು. ಎಂಥ ಇಕ್ಕಟ್ಟಿನ ಕೋಣೆಯಾದರೂ ಮೂಲೆಯಲ್ಲಿ ನಿಂತು ಹಿಡಿದರೆ ಇಡೀ ಕೋಣೆ ಬಂದು ಒಳಗೆ ಕೂರುತ್ತದೆ. ಅವಗುಣವೇನೂ ಸಣ್ಣದಲ್ಲ. ಲೆನ್ಸಿನ ಸುತ್ತಲಿರುವ ಬಳೆಯಂಥದನ್ನು ಬೆರಳಲ್ಲಿ ಅತ್ತ ಇತ್ತ ತಿರುಗಿಸುತ್ತ, ಚಿತ್ರ ನಿಚ್ಚಳವಾಗುವವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ನಗುತ್ತಿದ್ದವರ ನಗು ಇಳಿದು, ನಿಂತವರ ಕಾಲು ನೊಂದು, ಎತ್ತಿಕೊಂಡ ಕೂಸು ಉಚ್ಚೆ ಹೊಯ್ದಿರುತ್ತದೆ.

ಚಿತ್ತಾಪುರದಲ್ಲಿ ನಮ್ಮ ತಮ್ಮನ ನಿಶ್ಚಿತಾರ್ಥ. ಬೀಗರ ಮನೆಯ ಪಡಸಾಲೆ ಚಿಕ್ಕದು, ಬೀಗರ ಬಳಗ ದೊಡ್ಡದು. ಕರೆಸಿದ್ದ ಫೋಟೋಗ್ರಾಫರ್ ಹಿಂದೆ ಸರಿದು ಸರಿದು ಕೊನೆಗೆ ಅಂಗಳದ ಚಪ್ಪಲಿಗಳ ಮೇಲೆ ನಿಂತ. ಆದರೂ ಅರ್ಧ ಜನ ಹೊರಗೆ! ಅತ್ತೆ ಕಪಾಟಿಗೆ ಬೆನ್ನು ಹಚ್ಚಿ ನಿಂತಳು, ಬಳೆ ತಿರುಗಿಸಿದಳು, ಮೂವತ್ತು ಜನರನ್ನೂ ಒಂದೇ ಏಟಿಗೆ ಹಿಡಿದಳು. ಬಳಗವೆಲ್ಲ ಶಹಭಾಸ್ ಎಂದಿತು. ಎಲ್ಲಿಯವರೆಗೆ? ಫೋಟೋ ಕೈಗೆ ಬರುವವರೆಗೆ. ನಡುವೆ ನಿಂತವರು ನೆಟ್ಟಗೇ ಇದ್ದರು. ಅಂಚಿನಲ್ಲಿದ್ದ ಬೀಗರ ಅಣ್ಣ ಮಾತ್ರ ಎಳೆದ ರೊಟ್ಟಿ ಹಿಟ್ಟಿನಂತೆ ಹಿಗ್ಗಿ, ಅರ್ಧ ಚಿತ್ತಾಪುರದಲ್ಲಿ, ಅರ್ಧ ಸೇಡಮ್ಮಿನಲ್ಲಿ ಇದ್ದಂತೆ ಕಾಣುತ್ತಿದ್ದರು.

“ಏನ್ರಿ ಟೀಚರ್, ನನ್ನ ಹೊಟ್ಟಿ ಇಷ್ಟ್ ಅದ ಏನ್ರಿ?”

“ಹೊಟ್ಟಿ ನಿಮ್ದೇ. ಹಿಗ್ಗಿದ್ದಷ್ಟೇ ಲೆನ್ಸಿಂದು. ನಡುವ ಬಂದು ನಿಲ್ರಿ ಅಂದ್ರ ಕೇಳಿದ್ರೇನು?”

ಈ ಮಾತು ಬಳಗದಲ್ಲೆಲ್ಲ ಹಬ್ಬಿತು. ಮದುವೆಯ ದಿನ ಅತ್ತೆ ಕ್ಯಾಮೆರಾ ಎತ್ತಿದ್ದೇ ತಡ, ಎಲ್ಲರೂ ನಡುವಿಗೆ ನುಗ್ಗಿದರು. ಆ ಫೋಟೋದಲ್ಲಿ ಅಂಚಿಗೆ ಬಿದ್ದು ಹಿಗ್ಗಿರುವವರು ಮದುಮಕ್ಕಳು!

ನನ್ನ ಗಂಡನ ಕಥೆ ಬೇರೆ. ಫೋನಿಗೆ ಹಾಕಿಕೊಳ್ಳಲು ಒಂದು ಮುಖದ ಫೋಟೋ ಬೇಕು ಎಂದು ಆ ಬಡಪಾಯಿ ತಾವಾಗಿಯೇ ಕೇಳಿದರು. ಈ ಲೆನ್ಸಿನಲ್ಲಿ ಮುಖ ದೊಡ್ಡದಾಗಿ ಕಾಣಬೇಕೆಂದರೆ ಗೇಣಿನಷ್ಟು ಹತ್ತಿರಕ್ಕೆ ಹೋಗಬೇಕು. ಅತ್ತೆ ಹೋದಳು. ಹತ್ತಿರದ್ದನ್ನು ಹಿಗ್ಗಿಸಿ, ಹಿಂದಿನದನ್ನು ಕುಗ್ಗಿಸುವುದು ಆ ಲೆನ್ಸಿನ ಸ್ವಭಾವ. ಫೋಟೋದಲ್ಲಿ ಮೂಗು ಮೊದಲು ಬಂತು, ನನ್ನ ಗಂಡ ಆಮೇಲೆ ಬಂದರು.

“ಮೂಗು ಛೊಲೋ ಬಂದದ, ಹೌದಿಲ್ಲೊ?” ಅಂದಳು ಅತ್ತೆ.

“ಕಿವಿ ಎಲ್ಲಿ ಹೋದ್ವರಿ?” ಅಂದರು ಇವರು.

ಚಿಂಚೋಳಿಯ ಕಾಡಿಗೆ ಹೋದಾಗ ಒಂದು ನವಿಲು ಪೂರ್ತಿ ಗರಿಬಿಚ್ಚಿ ನಿಂತಿತು. “ಅತ್ತಿ, ಲಗೂ ತಗಿ!” ಎಂದು ನಾನು ಅವಳ ಸೆರಗು ಜಗ್ಗುತ್ತಿದ್ದೆ. “ತಡಿಯವ್ವ, ಇನ್ನಾ ಜರಾ ಮಬ್ಬು ಅದ,” ಎನ್ನುತ್ತ ಅವಳು ಬಳೆ ತಿರುಗಿಸುತ್ತಿದ್ದಳು. ನವಿಲು ಕುಣಿದು ಮುಗಿಸಿ, ಗರಿ ಮಡಚಿ, ನಮ್ಮ ಕಡೆ ಒಮ್ಮೆ ನೋಡಿ ಹೊರಟೇ ಹೋಯಿತು. ಆಗ ಅತ್ತೆ ಒತ್ತಿದಳು. ಮನೆಗೆ ಬಂದು ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಗುಡ್ಡ, ಆಕಾಶ, ನೂರಾರು ಮರ. ಒಂದು ಮೂಲೆಯಲ್ಲಿ ಎಳ್ಳಿನಷ್ಟು ಚುಕ್ಕೆ. “ಅದೇ ನವಿಲು!” ಎಂದು ಅತ್ತೆ ನೆರೆಮನೆಯವರಿಗೆಲ್ಲ ತೋರಿಸಿದಳು. ಎಲ್ಲರೂ ಹೌದೌದು ಎಂದರು. ನಾನು ಇನ್ನಷ್ಟು ಚೆನ್ನಾಗಿ ಕಾಣಲಿ ಎಂದು ಪರದೆಯನ್ನು ಸೆರಗಿನಿಂದ ಒರೆಸಿದೆ. ನವಿಲು ಹೋಯಿತು! ಅದು ನಮ್ಮ ಕಡೆಯ ಕಲ್ಲುಗಣಿಯ ಧೂಳಿನ ಕಣವಾಗಿತ್ತು.

ಬರಬರುತ್ತ ಅತ್ತೆ ಬಳೆ ತಿರುಗಿಸುವ ಹೊತ್ತು ಹೆಚ್ಚಾಯಿತು. ಆದರೂ ಫೋಟೋಗಳೆಲ್ಲ ಮಬ್ಬು. “ಲೆನ್ಸಿನ್ಯಾಗ ಬೂಷ್ಟು ಹಿಡದದ,” ಎಂದು ಬೈಯುತ್ತಿದ್ದಳು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ವಾಡಿಯ ರಿಪೇರಿಯವನ ಬಳಿ ಹೋದಳು. ಅವನು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದ. ಅಂಗಡಿಯ ಬಾಗಿಲಿಂದ ತಾನೇ ಒಂದು ಫೋಟೋ ತೆಗೆದ. ಎದುರಿನ ಬೋರ್ಡಿನ ಸಣ್ಣ ಅಕ್ಷರವೂ ನಿಚ್ಚಳ.

“ಲೆನ್ಸ್ ಚೊಕ್ಕ ಅದರಿ, ಅಮ್ಮಾ,” ಎಂದ ಅವನು ಮೆಲ್ಲಗೆ. “ಕಣ್ಣು ಒಮ್ಮಿ ಡಾಕ್ಟರಿಗಿ ತೋರಿಸ್ರಿ.”

ಮರಳಿ ಬರುವ ರೈಲಿನಲ್ಲಿ ಅತ್ತೆ ಲೆನ್ಸನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು. ಶಹಾಬಾದು ಹತ್ತಿರ ಬಂದಾಗ, “ಎರಡು ವರ್ಷದಿಂದ ಸುಮ್ಮಸುಮ್ಮನ ಲೆನ್ಸಿಗಿ ಬೈಲಿಕತ್ತಿದ್ದೆ ನೋಡು ನಾ,” ಅಂದಳು.

ಎರಡೂ ಕಣ್ಣಲ್ಲಿ ಮೋತಿಬಿಂದು, ಅಂದರೆ ಪೊರೆ. ಕಲಬುರಗಿಯಲ್ಲಿ ಒಂದಾದ ಮೇಲೊಂದರಂತೆ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತು, ನೋಡಲು ಬಂದವರಿಗೆಲ್ಲ, “ನನಗ ಹೊಸ ಲೆನ್ಸ್ ಹಾಕ್ಯಾರ, ಇದು ಆಟೋನೂ ಅಲ್ಲ, ತಿರುವೋದೂ ಅಲ್ಲ,” ಎಂದು ಹೇಳಿ ನಗಿಸುತ್ತಿದ್ದಳು.

ಕ್ಯಾಮೆರಾ ಹಿಡಿಯಬಹುದು ಎಂದು ಡಾಕ್ಟರು ಒಪ್ಪಿದ ದಿನ ನಾನು ರಜೆ ಹಾಕಿ ಸೇಡಮ್ಮಿನ ನಮ್ಮ ಮನೆಯಿಂದ ಶಹಾಬಾದಿಗೆ ಹೋಗಿದ್ದೆ. ಅತ್ತೆ ನನ್ನನ್ನು ಬಾಗಿಲ ಬೆಳಕಿನಲ್ಲಿ ನಿಲ್ಲಿಸಿದಳು. ಬಳೆ ಒಮ್ಮೆ ಮಾತ್ರ ತಿರುಗಿತು, ನಿಂತಿತು. ಆದರೆ ಅವಳು ಒತ್ತಲಿಲ್ಲ.

“ಯಾಕ ಅತ್ತಿ, ಮಬ್ಬು ಅದ?”

“ಇಲ್ಲವ್ವ, ಭಾಳ ಚಂದ ಕಾಣಸ್ಲಿಕತ್ತದ.” ಕ್ಯಾಮೆರಾ ಕೆಳಗಿಳಿಸಿದಳು. “ನಿನ್ನ ಕೂದಲ ಬೆಳ್ಳಗಾಗ್ಯಾವಲ್ಲ. ಯಾವಾಗ ಆದ್ವು?”

“ಮೂರು ವರ್ಷ ಆಗಿರಬೇಕು.”

“ನಿಂದು ಎಷ್ಟ್ ಫೋಟೋ ತಗದೀನಿ. ನನಗ ಗೊತ್ತೇ ಆಗಲಿಲ್ಲ ನೋಡು.”

ಹತ್ತಿರ ಬಂದು ಕಿವಿಯ ಮೇಲಿನ ಆ ಬಿಳಿ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಒಳಗೆ ಹೋಗಿ ಎಣ್ಣೆಯ ಬಟ್ಟಲು, ಬಾಚಣಿಕೆ ತಂದಳು. “ಕುಂದ್ರು,” ಅಂದಳು. ನಲವತ್ತೈದು ದಾಟಿದ ನಾನು ಹೊಸ್ತಿಲ ಮೇಲೆ ಅವಳ ಮೊಣಕಾಲಿಗೆ ಒರಗಿ ಕೂತೆ. ಅವಳು ಒಂದೊಂದೇ ಎಳೆ ಬಿಡಿಸಿ ಬಿಡಿಸಿ ಎಣ್ಣೆ ಹಚ್ಚತೊಡಗಿದಳು.