ಕಳ್ಳರಿಲ್ಲದ ಊರಿನ ಹೊಗೆ ಒಲೆ

ಬೆಳಿಗ್ಗೆ ಏಳು ಗಂಟೆಗೆ ಕಾಫಿ ಹಿಡಿದು ಹಿತ್ತಲಿಗೆ ಬಂದ ವರ್ಲಿನ್ ಸ್ಟೋಲ್ಟ್ಸ್‌ಗೆ ಮೊದಲು ಕಂಡದ್ದು ನೆಲದ ಮೇಲೆ ತುಂಡಾಗಿ ಬಿದ್ದಿದ್ದ ಸರಪಳಿ. ಆಮೇಲೆ ಕಂಡದ್ದು, ಆ ಸರಪಳಿಯಿಂದ ಕಟ್ಟಿಹಾಕಿದ್ದ ಹೊಗೆ ಒಲೆಯ ಜಾಗದಲ್ಲಿ ಉಳಿದಿದ್ದ ಒಣಹುಲ್ಲಿನ ಮಚ್ಚೆ. ಒಲೆ ಇರಲಿಲ್ಲ.

ಒಲೆ ಎಂದರೆ ಕಂಕುಳಲ್ಲಿ ಇರುಕಿಕೊಂಡು ಹೋಗುವಂಥದ್ದಲ್ಲ. ಹಳೆಯ ಎಣ್ಣೆ ಟ್ಯಾಂಕನ್ನು ಅಡ್ಡಕ್ಕೆ ಮಲಗಿಸಿ, ಕೊಯ್ದು, ಬಾಗಿಲು ಕೂರಿಸಿ, ಚಿಮಣಿ ಇಟ್ಟು, ಎರಡು ಚಕ್ರದ ಮೇಲೆ ಏರಿಸಿದ್ದ ಇನ್ನೂರೈವತ್ತು ಕಿಲೋದ ಕಬ್ಬಿಣ. ಕಾರ್ಖಾನೆಯಲ್ಲಿ ವೆಲ್ಡರುಗಳಾಗಿದ್ದ ವರ್ಲಿನ್ ಮತ್ತು ಅವನ ಅಣ್ಣ ಕ್ಲೆಮ್ ಇಬ್ಬರೂ ಸೇರಿ ಒಂದು ಚಳಿಗಾಲವಿಡೀ ಕೂತು ಮಾಡಿದ್ದು. ಮುಚ್ಚಳದ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನೂ ಬೆಸುಗೆ ಹಾಕಿದ್ದರು. ಹನ್ನೊಂದು ವರ್ಷ ಜಿಲ್ಲಾ ಜಾತ್ರೆಯಲ್ಲಿ ಹಂದಿಯ ಪಕ್ಕೆಲುಬನ್ನು ಸೌದೆಯ ಹೊಗೆಯಲ್ಲಿ ಬೇಯಿಸುವ ಸ್ಪರ್ಧೆಗೆ ಅದನ್ನು ಎಳೆದುಕೊಂಡು ಹೋಗಿ, ಹನ್ನೊಂದು ವರ್ಷವೂ ಎರಡನೆಯ ಬಹುಮಾನ ತಂದಿದ್ದರು. ಫೆಬ್ರವರಿಯಲ್ಲಿ ಕ್ಲೆಮ್ ತೀರಿಕೊಂಡ. ಸಾಯುವ ಮುಂಚೆ ಆಸ್ಪತ್ರೆಯ ಹಾಸಿಗೆಯಲ್ಲಿ ತಮ್ಮನ ಕೈ ಹಿಡಿದು, "ಈ ಸಲ ಹಿಕರಿ ಸೌದೆ ಜೊತೆ ಒಂಚೂರು ಸೇಬಿನ ಸೌದೇನೂ ಹಾಕೋ" ಎಂದಿದ್ದ. ವರ್ಲಿನ್ ಆಗಲಿ ಎಂದಿದ್ದ. ಸ್ಪರ್ಧೆ ಇದೇ ಶನಿವಾರ. ಇವತ್ತು ಗುರುವಾರ.

ವರ್ಲಿನ್ ಕಾಫಿಯನ್ನು ಹುಲ್ಲಿನ ಮೇಲೆ ಚೆಲ್ಲಿ, ಬಾಯಿಗೆ ಬಂದದ್ದೆಲ್ಲ ಬೈದ. ಬೈಗುಳ ಕೇಳಿ ಬೇಲಿಯಾಚೆಯಿಂದ ಆರ್ಲೀನ್ ಕೋಬ್ಜಾಳ ತಲೆ ಎದ್ದಿತು. ಈಕೆ ಆ ಬೀದಿಯ ಕಾವಲು ಸಮಿತಿಯ ಮುಖ್ಯಸ್ಥೆ. ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಂಬುದು ಆ ಮನೆಯವರಿಗಿಂತ ಇವಳಿಗೆ ಚೆನ್ನಾಗಿ ಗೊತ್ತು.

"ಏನು ವರ್ಲಿನ್, ಬೆಳಬೆಳಿಗ್ಗೆ ಕೂಗಾಟ?"

"ಒಲೆ ಕದ್ಕೊಂಡು ಹೋಗಿದಾರೆ! ನಿನ್ನ ಗೋಡೆ ಮೇಲಿನ ಕ್ಯಾಮೆರಾ ಸೀದಾ ನನ್ನ ಮನೆ ಕಡೆನೇ ನೋಡ್ತಿದೆಯಲ್ಲ, ಹಾಕು ನೋಡೋಣ."

ಆರ್ಲೀನಳ ಮುಖ ಬಿಳುಚಿತು. "ಶ್! ಆ ಮಾತು ಬಾಯಲ್ಲಿ ತರಬೇಡ. ಇವತ್ತು ಯಾವ ದಿನ ಗೊತ್ತಾ ನಿಂಗೆ?"

ಗೊತ್ತಿಲ್ಲದೆ ಏನು! ಆರ್ಬರ್‌ಫೋರ್ಕ್ ಊರಿನ ಕೂಸಿಗೂ ಗೊತ್ತಿತ್ತು. ಮೇಯರ್ ಗಾರ್ಡನ್ ವೀಚ್ ಮೊದಲು ಕಾರ್ಖಾನೆಯ ಮ್ಯಾನೇಜರಾಗಿದ್ದವನು. ಅಲ್ಲಿನ ಗೇಟಿನ ಮುಂದೆ "ಅಪಘಾತವಿಲ್ಲದ ದಿನಗಳು" ಎಂದು ಹಲಗೆ ನೇತುಹಾಕುತ್ತಿದ್ದ. ಕೈಬೆರಳು ಕತ್ತರಿಸಿಕೊಂಡವನನ್ನೂ ರಜೆ ಹಾಕಿಸಿ ಮನೆಗೆ ಕಳಿಸಿ ಅಂಕಿಯನ್ನು ಕಾಪಾಡುತ್ತಿದ್ದ. ಮೇಯರಾದ ಮೇಲೆ ಅದೇ ಚಾಳಿಯನ್ನು ಊರಿಗೂ ಹಚ್ಚಿದ. ಊರ ಚೌಕದಲ್ಲಿ ಆಳೆತ್ತರದ ಹಲಗೆ: "ಕಳ್ಳತನವಿಲ್ಲದ ದಿನಗಳು." ನಿನ್ನೆ ಅದರಲ್ಲಿ ಇದ್ದದ್ದು ೩೬೪. ಇವತ್ತು ಸಂಜೆ ಐದಕ್ಕೆ ರಾಜಧಾನಿಯಿಂದ ಒಬ್ಬ ದೊಡ್ಡ ಮನುಷ್ಯ ಬಂದು ೩೬೫ ಹಾಕಿ, ರಾಜ್ಯದ ಅತ್ಯಂತ ಸುರಕ್ಷಿತ ಪುಟ್ಟ ನಗರ ಎಂದು ಫಲಕ ಕೊಡುವವನಿದ್ದ. ಆಮೇಲೆ ಊರಿಗೆಲ್ಲ ಊಟ.

"ಅದಕ್ಕೂ ನನ್ನ ಒಲೆಗೂ ಏನಮ್ಮ ಸಂಬಂಧ? ಕ್ಯಾಮೆರಾ ತೋರಿಸು."

"ಅದರಲ್ಲಿ ಏನೂ ಇರಲ್ಲ" ಎಂದು ಆರ್ಲೀನ್ ರಾಗ ಎಳೆದಳು. "ನಿನ್ನ ಕಸದ ಡಬ್ಬಿ ಕಡೆ ತಿರುಗಿಸಿದ್ದೆ. ಬುಧವಾರ ಕಸದ ಗಾಡಿ ಬಂದು ಹೋದರೂ ಡಬ್ಬಿ ಒಳಗೆ ತಗೊಳ್ಳಲ್ಲ ನೀನು. ಮೂರು ಸಲ ಬೀದಿಯವರ ಫೋನ್ ಗುಂಪಲ್ಲಿ ಫೋಟೋ ಹಾಕಿದ್ದೀನಿ."

"ಕಸದ ಡಬ್ಬಿ!"

"ಕೂಗಬೇಡ. ಮಾರ್ಚಲ್ಲಿ ನನ್ನ ಸೈಕಲ್ ಹೋಗಲಿಲ್ವಾ? ನಾನೇನಾದ್ರೂ ಕಳ್ಳತನ ಅಂದೆನಾ? ಕಳೆದುಹೋಯ್ತು ಅಂತ ಬರೆದುಕೊಟ್ಟೆ. ಚರ್ಚಿನ ಮಾಡಿನ ತಾಮ್ರದ ತಗಡು ಹೋಯ್ತು, ಪಾದ್ರಿಗಳು ಗಾಳಿಗೆ ಹಾರಿಹೋಯ್ತು ಅಂದ್ರು. ಊರು ಅಂದ್ಮೇಲೆ ಒಂಚೂರು ಅಭಿಮಾನ ಬೇಡ್ವಾ?"

ವರ್ಲಿನ್‌ಗೆ ಮೈ ಉರಿದುಹೋಯಿತು. ತಾಮ್ರದ ತಗಡು ಹಾರಿಹೋಗುವಷ್ಟು ಗಾಳಿ ಬೀಸಿದ್ದರೆ ಪಾದ್ರಿ ಎಲ್ಲಿ ಉಳಿಯುತ್ತಿದ್ದ? ಅವನು ಪಿಕಪ್ ಹತ್ತಿ ನೇರ ಪೊಲೀಸ್ ಠಾಣೆಗೆ ಬಿಟ್ಟ.

ಠಾಣೆಯ ಮೇಜಿನ ಹಿಂದೆ ಕೂತಿದ್ದ ಜೊಲೀನ್ ನಗುನಗುತ್ತ ಒಂದು ಗುಲಾಬಿ ಬಣ್ಣದ ಅರ್ಜಿ ಮುಂದೆ ತಳ್ಳಿದಳು. ತಲೆಬರಹ: ಕಳೆದುಹೋದ ವಸ್ತು.

"ಕಳೆದಿಲ್ಲಮ್ಮ. ಕದ್ದಿದಾರೆ."

"ಎಲ್ಲಾರೂ ಮೊದಲು ಹಾಗೇ ಅನ್ಕೊಳ್ಳೋದು ಸಾರ್. ಕೊನೇ ಸಲ ಎಲ್ಲಿ ನೋಡಿದ್ರಿ?"

"ನನ್ನ ಹಿತ್ತಲಲ್ಲಿ."

"ಬೇರೆ ಎಲ್ಲಾದ್ರೂ ಇಟ್ಟು ಮರೆತಿರಬಹುದಾ? ಕಾರಿನ ಸೀಟಿನ ಕೆಳಗೆ ಏನಾದ್ರೂ ನೋಡಿದ್ರಾ?"

"ಇನ್ನೂರೈವತ್ತು ಕಿಲೋ ಇದೆ ಕಣಮ್ಮ ಅದು! ಚಕ್ರ ಇದೆ ಅದಕ್ಕೆ!"

"ಚಕ್ರ ಇದೆಯಾ?" ಜೊಲೀನ್ ಅದನ್ನೂ ಬರೆದುಕೊಂಡಳು. "ಹಾಗಾದ್ರೆ ತಾನಾಗೇ ಉರುಳಿಹೋಗಿರಬಹುದು."

ಗಲಾಟೆ ಕೇಳಿ ಒಳಗಿನಿಂದ ಪೊಲೀಸ್ ಮುಖ್ಯಸ್ಥ ರಾಯ್ಸ್ ಡನ್‌ಲಾಪ್ ಹೊರಗೆ ಬಂದ. ಇವನೂ ವರ್ಲಿನ್ನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ವರ್ಲಿನ್ ತುಂಡಾದ ಸರಪಳಿಯನ್ನು ಮೇಜಿನ ಮೇಲೆ ದಡಾರನೆ ಎಸೆದ.

"ನೋಡು ರಾಯ್ಸ್. ಕಟರ್ ಹಾಕಿ ಕತ್ತರಿಸಿದಾರೆ. ಹೊಳೀತಿದೆ ನೋಡು ಬಾಯಿ."

ರಾಯ್ಸ್ ಸರಪಳಿಯನ್ನು ಎತ್ತಿ ಬೆಳಕಿಗೆ ಹಿಡಿದು, "ತುಕ್ಕು" ಎಂದ.

"ತುಕ್ಕಾ? ನಲವತ್ತು ವರ್ಷ ಕಬ್ಬಿಣ ಬೆಸೆದವನು ನಾನು. ನಂಗೆ ಹೇಳಿಕೊಡ್ತೀಯಾ?"

ರಾಯ್ಸ್ ಅವನ ಹೆಗಲ ಮೇಲೆ ಕೈಹಾಕಿ ಮೂಲೆಗೆ ಕರೆದುಕೊಂಡು ಹೋದ. "ನೋಡಯ್ಯಾ, ನಿನ್ನ ಹತ್ರ ಮುಚ್ಚುಮರೆ ಏನು. ಆ ಫಲಕ ಬಂದ್ರೆ ನಮಗೆ ಹೊಸ ಗಾಡಿ ಸಿಗುತ್ತೆ. ಇರೋ ಗಾಡಿ ರಿವರ್ಸ್ ಹೋಗಲ್ಲ. ನಾಳೆ ಬೆಳಿಗ್ಗೆ ಬಾ, ನಾನೇ ನನ್ನ ಕೈಯಾರೆ ಕಳ್ಳತನ ಅಂತ ಬರೀತೀನಿ."

"ನಾಳೆ ಹೊತ್ತಿಗೆ ಅದು ರಾಜ್ಯ ದಾಟಿರುತ್ತೆ! ಇವತ್ತೇ ಹುಡುಕಬೇಕು."

"ಹುಡುಕಬೇಕು ಅಂದ್ರೆ ಕಾಗದ ಬೇಕು. ಇವತ್ತು ಇರೋ ಕಾಗದ ಆ ಗುಲಾಬಿದೊಂದೇ. ರುಜು ಹಾಕು, ಹುಡುಗರಿಗೆ ಕಣ್ಣಿಟ್ಟಿರಿ ಅಂತೀನಿ. ಹಾಕಲ್ಲ ಅಂದ್ರೆ ನಿನ್ನಿಷ್ಟ."

ಇದಕ್ಕೆ ಬಲವಂತ ಅನ್ನದೆ ಬೇರೇನು ಅನ್ನಬೇಕು? ಕಳಕೊಂಡವನೇ ತಪ್ಪಿತಸ್ಥನ ಹಾಗೆ ನಿಂತು, ತನ್ನ ಸೊತ್ತನ್ನು ತಾನೇ ಎಲ್ಲೋ ಮರೆತೆ ಎಂದು ಬರೆದುಕೊಡಬೇಕು. ಆದರೆ ಶನಿವಾರಕ್ಕೆ ಎರಡೇ ದಿನ. ವರ್ಲಿನ್ ಹಲ್ಲು ಕಚ್ಚಿಕೊಂಡು ರುಜು ಹಾಕಿದ. ಪೆನ್ನು ಕಾಗದವನ್ನು ತೂತು ಮಾಡಿತು.

ಅವರು ಹುಡುಕುತ್ತಾರೆಂಬ ನಂಬಿಕೆ ಅವನಿಗೆ ಇರಲಿಲ್ಲ. ತಾನೇ ಹೊರಟ. ಹಳೇ ಸಾಮಾನಿನ ಅಂಗಡಿಗೆ ಹೋದ, ಗುಜರಿಯವನ ಅಂಗಳಕ್ಕೆ ಹೋದ, ನದಿಯಾಚೆಯ ಬಯಲಿಗೆ ಹೋದ. ಹೋದಲ್ಲೆಲ್ಲ ಜನ ಅವನ ಒಲೆಯ ಕತೆ ಕೇಳುವ ಬದಲು ತಮ್ಮ ಕತೆ ಹೇಳಿದರು. ಒಬ್ಬನ ಹುಲ್ಲು ಕತ್ತರಿಸುವ ಯಂತ್ರ ಹೋಗಿತ್ತು, ಇನ್ನೊಬ್ಬನ ಲಾರಿಯ ಬ್ಯಾಟರಿ ಎರಡು ಸಲ ಹೋಗಿತ್ತು. ಎಲ್ಲರೂ ಗುಲಾಬಿ ಅರ್ಜಿ ತುಂಬಿದ್ದರು. ಎಲ್ಲರೂ ದನಿ ತಗ್ಗಿಸಿಯೇ ಮಾತಾಡಿದರು. ಇಂಥ ಜನರ ನಡುವೆ ಕಳ್ಳನಿಗೆ ಕಟರ್ ಕೂಡ ಬೇಕಿರಲಿಲ್ಲ, ಕೇಳಿದರೆ ಇವರೇ ಎತ್ತಿ ಗಾಡಿಗೆ ಹೇರಿಕೊಡುತ್ತಿದ್ದರು ಎಂದು ವರ್ಲಿನ್ ಗೊಣಗಿದ.

ನಾಲ್ಕೂವರೆಗೆ ಪೆಟ್ರೋಲ್ ಬಂಕಿನವನು ಒಂದು ಸುಳಿವು ಕೊಟ್ಟ. "ಕರೀ ಒಲೇನಾ? ಮಧ್ಯಾಹ್ನ ಇಲ್ಲೇ ನಿಂತಿತ್ತಲ್ಲ. ಬಿಳೀ ಪಿಕಪ್‌ನವನು ಯಾರೋ ಟೈ ಕಟ್ಟಿದವರಿಗೆ ಮಾರಿಬಿಟ್ಟ."

"ನೋಡ್ಕೊಂಡು ಸುಮ್ಮನಿದ್ದೆಯಾ?"

"ನನ್ನ ಮೇಲೇಕೆ ಹಾರಾಡ್ತೀಯಾ ಮಾರಾಯ? ಈ ಊರಲ್ಲಿ ಕಳ್ಳತನ ಆಗಲ್ಲವಲ್ಲ!"

ಇನ್ನು ಸಹಿಸಲಾರೆ ಎಂದುಕೊಂಡ ವರ್ಲಿನ್. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಇದ್ದದ್ದು ಸಿಟ್ಟೊಂದೇ. ಚೌಕಕ್ಕೆ ಹೋಗಿ, ಮೈಕು ಕಿತ್ತುಕೊಂಡು, ಊರ ಮುಂದೆ ಎಲ್ಲ ಹೇಳಿಬಿಡುವುದೆಂದು ಪಿಕಪ್ ತಿರುಗಿಸಿದ.

ಅವನು ಚೌಕಕ್ಕೆ ಬರುವಾಗ ಐದು ದಾಟಿ ಹತ್ತು ನಿಮಿಷವಾಗಿತ್ತು. ಹಲಗೆಯ ಮೇಲೆ ೩೬೫ ಏರಿತ್ತು. ದೊಡ್ಡ ಮನುಷ್ಯ ಫಲಕ ಕೊಟ್ಟು, ಫೋಟೋ ತೆಗೆಸಿಕೊಂಡು, ಕಾರು ಹತ್ತಿಯೂ ಆಗಿತ್ತು. ವರ್ಲಿನ್ ಮೈಕಿನ ಕಡೆ ನುಗ್ಗಿದವನು ನಡುದಾರಿಯಲ್ಲಿ ನಿಂತ. ಮೂಗಿಗೆ ಹಿಕರಿ ಹೊಗೆ ಬಡಿದಿತ್ತು.

ಹಲಗೆಯ ಬುಡದಲ್ಲೇ ಅವನ ಒಲೆ ನಿಂತಿತ್ತು. ಚಿಮಣಿಯಲ್ಲಿ ನೀಲಿ ಹೊಗೆ, ಮುಚ್ಚಳದ ಮೇಲೆ ಅವನ ಮತ್ತು ಕ್ಲೆಮ್‌ನ ಅಕ್ಷರಗಳು. ಏಪ್ರನ್ ಕಟ್ಟಿಕೊಂಡ ಮೇಯರ್ ವೀಚ್ ಇಕ್ಕಳ ಹಿಡಿದು ಪಕ್ಕೆಲುಬು ಮಗುಚುತ್ತಿದ್ದ.

"ಅದು ನನ್ನದು!"

"ಬಾರಯ್ಯಾ ವರ್ಲಿನ್, ಊಟ ಮಾಡು. ಚೆನ್ನಾಗಿದೆ ಅಲ್ವಾ ಒಲೆ? ಇವತ್ತಿನ ಊಟಕ್ಕೇಂತ ಮಧ್ಯಾಹ್ನ ತಗೊಂಡೆ. ತುಂಬ ಅಗ್ಗಕ್ಕೆ ಕೊಟ್ಟ ಪುಣ್ಯಾತ್ಮ."

"ಪುಣ್ಯಾತ್ಮ ಅಲ್ಲ ಸಾರ್, ಕಳ್ಳ! ಕದ್ದ ಮಾಲು ಅದು!"

ಮೇಯರ್ ಥಟ್ಟನೆ ಪಕ್ಕದಲ್ಲಿದ್ದ ಮೈಕಿನ ಬಾಯಿಗೆ ಅಂಗೈ ಮುಚ್ಚಿದ. "ಮೆತ್ತಗೆ ಮಾತಾಡು. ನಿನ್ನದೇ ಆದ್ರೆ ನಿನ್ನದೇ, ಯಾರು ಬೇಡ ಅಂದ್ರು? ಏಳು ಗಂಟೆಗೆ ಊಟ ಮುಗಿಯುತ್ತೆ, ತಗೊಂಡು ಹೋಗು. ಕಳೆದದ್ದು ಸಿಕ್ತು ಅಂತ ಖುಷಿಪಡೋದು ಬಿಟ್ಟು..."

ಬೇರೆ ಯಾವ ದಿನವಾದರೂ ವರ್ಲಿನ್ ಏಳು ಗಂಟೆಯವರೆಗೆ ಕಾಯುತ್ತಿದ್ದನೇನೋ. ಆದರೆ "ಕಳೆದದ್ದು" ಎಂಬ ಮಾತನ್ನು ಅವನು ಆ ದಿನ ಕೇಳಬೇಕಾದಷ್ಟು ಕೇಳಿಯಾಗಿತ್ತು. ಪಿಕಪ್ಪನ್ನು ಹಿಂದಕ್ಕೆ ತಂದ, ಒಲೆಯ ಕೊಂಡಿ ಸಿಕ್ಕಿಸಿದ, ಬುರ್ರನೆ ಬಿಟ್ಟ. ಮೇಯರ್ ಇಕ್ಕಳ ಬೀಸುತ್ತ ನಾಲ್ಕು ಹೆಜ್ಜೆ ಓಡಿದ. ಆರ್ಲೀನ್ ಫೋನೆತ್ತಿ ಹಿಡಿದು ಒಂದು ಕ್ಷಣವೂ ಬಿಡದೆ ಚಿತ್ರ ತೆಗೆದಳು. ಈ ಸಲ ಅವಳ ಕ್ಯಾಮೆರಾ ಸರಿಯಾದ ಕಡೆಗೇ ತಿರುಗಿತ್ತು.

ಒಲೆಯ ಮುಚ್ಚಳ ಪಟಪಟ ಬಡಿಯುತ್ತಿತ್ತು. ದಾರಿಯಲ್ಲಿ ಎರಡು ಸಾಲು ಪಕ್ಕೆಲುಬು ಉದುರಿದವು, ಅವಕ್ಕೆ ಐದು ನಾಯಿಗಳು ಬಂದವು. ಅವುಗಳ ಹಿಂದೆ ಸೈರನ್ ಕೂಗುತ್ತ ರಾಯ್ಸ್‌ನ ಗಾಡಿ ಬಂತು. ವರ್ಲಿನ್ ಮೂರು ಬೀದಿ ದಾಟಿ ಕೆಂಪು ದೀಪ ಕಂಡು ನಿಂತ. ಹುಟ್ಟಿದಾಗಿನಿಂದ ಅವನು ಕೆಂಪು ದೀಪ ದಾಟಿದವನಲ್ಲ. ದೀಪ ಹಸಿರಾಗುವವರೆಗೆ ಕಾಯಬೇಕಲ್ಲ, ಹೊಟ್ಟೆ ಬೇರೆ ಸುಡುತ್ತಿತ್ತು. ಇಳಿದು ಹೋಗಿ ಒಂದು ಪಕ್ಕೆಲುಬು ತೆಗೆದು ಕಚ್ಚಿದ. ಮೇಯರ್ ಅದನ್ನು ಚಪ್ಪಲಿ ಮಾಡಿಟ್ಟಿದ್ದ. ಸೇಬಿನ ಸೌದೆಯ ಸುಳಿವಿರಲಿಲ್ಲ. ಕ್ಲೆಮ್‌ನ ಒಲೆಯಲ್ಲಿ ಇಂಥ ಪಾಪಿ ಅಡುಗೆ ಬೆಂದಿತಲ್ಲ ಎಂದು ಅವನ ಕಣ್ಣು ತುಂಬಿತು.

ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಕೈಗೆ ಕೋಳ ಬಿತ್ತು.

"ನನ್ನ ಒಲೆ ನಾನು ತಂದ್ರೆ ಕೋಳ ಹಾಕ್ತೀಯೇನೋ ರಾಯ್ಸ್?"

"ಒಲೆ ನಿನ್ನದೇ ಕಣಯ್ಯಾ, ನಾನೆಲ್ಲಿ ಇಲ್ಲ ಅಂದೆ? ಕಳೆದಿತ್ತು, ಸಿಕ್ತು. ಆ ಅರ್ಜಿ ಮುಗೀತು." ರಾಯ್ಸ್ ಮುಚ್ಚಳ ಎತ್ತಿ ಒಳಗೆ ಬೆರಳು ತೋರಿಸಿ ಎಣಿಸಿದ. "ಆದ್ರೆ ಇದರೊಳಗಿದ್ದ ಹದಿನಾಲ್ಕು ಸಾಲು ಪಕ್ಕೆಲುಬು ನಗರಸಭೆದು. ಎರಡು ಸಾಲು ನಾಯಿಗಳ ಪಾಲಾಯ್ತು, ಒಂದರಲ್ಲಿ ನೀನು ತಿಂದಿದೀಯ, ಸಾಕ್ಷಿ ನಿನ್ನ ಗಲ್ಲದ ಮೇಲೇ ಇದೆ. ಇದು ಕಳ್ಳತನ."

"ಏನಂದೆ?"

"ಕಳ್ಳತನ" ಎಂದು ರಾಯ್ಸ್ ಸ್ಪಷ್ಟವಾಗಿ ಹೇಳಿದ. ಒಂದು ವರ್ಷ ಅವನ ಬಾಯಿಂದ ಹೊರಡದಿದ್ದ ಮಾತು ಈಗ ಸರಾಗವಾಗಿ ಹೊರಟಿತು. "ಐದು ಗಂಟೆಗೆ ಹಳೇ ಲೆಕ್ಕ ಮುಗೀತು, ಫಲಕ ಬಂತು. ಹೊಸ ವರ್ಷಕ್ಕೆ ಬೇರೆ ಫಲಕ ಇದೆಯಂತೆ, ನಡೆದ ಅಪರಾಧದಲ್ಲಿ ಎಷ್ಟು ಪತ್ತೆ ಮಾಡಿದ್ರಿ ಅಂತ. ಒಂದು ಅಪರಾಧ ಆಯ್ತು, ಆ ಒಂದೂ ಪತ್ತೆಯಾಯ್ತು. ನೂರಕ್ಕೆ ನೂರು!"

"ಹಾಗಾದ್ರೆ ನನ್ನ ಒಲೆ ಕದ್ದವನ ಮೇಲೂ ಬರಿ!"

"ಸಿಕ್ಕಿರೋ ವಸ್ತುವಿಗೆ ಏನಂತ ಬರೀಲಿ? ನೀನೇ ಕಳೆದುಕೊಂಡೆ ಅಂತ ರುಜು ಹಾಕಿದೀಯಲ್ಲ."

ವರ್ಲಿನ್ ಕೂಗಾಡಿದ, ಪಿಕಪ್ಪಿನ ಚಕ್ರಕ್ಕೆ ಒದ್ದ, ಕಾಲು ನೋಯಿಸಿಕೊಂಡ. ಕೊನೆಗೆ ದನಿ ಇಳಿಸಿ ಬೇಡಿದ. "ನನ್ನ ಒಳಗೆ ಹಾಕ್ತೀಯಾ, ಹಾಕು. ಶನಿವಾರದ ಹೊತ್ತಿಗೆ ಬಿಟ್ಟುಬಿಡು ಮಾರಾಯ. ಒಲೇನ ಮನೆಗೆ ಕಳಿಸು. ಕ್ಲೆಮ್‌ಗೆ ಮಾತು ಕೊಟ್ಟಿದೀನಿ."

ರಾಯ್ಸ್ ನಿಜವಾಗಿಯೂ ನೊಂದವನಂತೆ ತಲೆಯಾಡಿಸಿದ. "ನೀನು ನಾಳೆ ಬೆಳಿಗ್ಗೇನೇ ಮನೆಗೆ ಹೋಗ್ತೀಯ. ಒಲೆ ಬರಲ್ಲ. ಅದು ಸಾಕ್ಷ್ಯ. ಸೆಪ್ಟೆಂಬರಲ್ಲಿ ವಿಚಾರಣೆ, ಅಲ್ಲೀವರೆಗೂ ನಮ್ಮ ಅಂಗಳದಲ್ಲಿ ಬೀಗ ಹಾಕಿ ಇಡ್ತೀವಿ. ಭಯಪಡಬೇಡ, ಯಾರೂ ಕದಿಯಲ್ಲ."

ಠಾಣೆಯಲ್ಲಿ ಜೊಲೀನ್ ಅವನನ್ನು ಬಿಳಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದಳು. ತೆರೆದ ಕಿಟಕಿಯಿಂದ ಚೌಕದ ಮೈಕು ಸ್ಪಷ್ಟವಾಗಿ ಕೇಳುತ್ತಿತ್ತು. "ಮಿತ್ರರೇ, ಆತಂಕಪಡಬೇಡಿ" ಎನ್ನುತ್ತಿದ್ದ ಮೇಯರ್. "ನಮ್ಮೂರಲ್ಲಿ ಇಡೀ ವರ್ಷಕ್ಕೆ ಇದ್ದವನು ಒಬ್ಬನೇ ಕಳ್ಳ. ಅವನೂ ಸಿಕ್ಕಿಬಿದ್ದ!" ಸೈಕಲ್ ಹೋದವರು, ಬ್ಯಾಟರಿ ಹೋದವರು, ತಾಮ್ರದ ತಗಡು ಹೋದ ಪಾದ್ರಿ, ಎಲ್ಲರೂ ಸೇರಿ ಹೊಡೆದ ಚಪ್ಪಾಳೆಗೆ ಠಾಣೆಯ ಕಿಟಕಿಯ ಗಾಜು ನಡುಗಿತು. ಆರ್ಲೀನಳ ದನಿಯಂತೂ ಎಲ್ಲರಿಗಿಂತ ಮೇಲೆ ಕೇಳಿಸಿತು: "ನನ್ನ ಸೈಕಲ್ ಎಲ್ಲಿಟ್ಟಿದಾನೆ ಕೇಳ್ರೀ ಅವನನ್ನ!"

ವರ್ಲಿನ್ ಕಿಟಕಿಯ ಕಡೆ ತಿರುಗಿ ಗಂಟಲು ಹರಿಯುವಂತೆ ಕಿರುಚಿದ.

"ಅಲುಗಾಡಬೇಡಿ ಸಾರ್" ಎಂದಳು ಜೊಲೀನ್. "ಫೋಟೋ ಸರಿಯಾಗಿ ಬರಲ್ಲ."