ನಾಲ್ಕು ಪಿನ್ನು ಮತ್ತು ನನ್ನ ಪತ್ತೇದಾರಿಕೆ

ಅನುಮಾನಪಡುವುದರಲ್ಲಿ ನನಗೆ ಹುಟ್ಟುಪ್ರತಿಭೆ. ಬೇರೆ ಯಾವ ಪ್ರತಿಭೆಯೂ ಬೆಳೆಯದಿದ್ದರಿಂದ ತಲೆಯೊಳಗಿನ ಜಾಗವೆಲ್ಲ ಇದಕ್ಕೇ ಸಿಕ್ಕಿದೆ. ಮುತ್ತತ್ತಿಗೆ ಹೋದರೂ ಆಂಜನೇಯನಿಗೆ ಕೈ ಮುಗಿಯುವಾಗ ನನ್ನ ಒಂದು ಕಣ್ಣು ಹೊರಗಿನ ಚಪ್ಪಲಿ ಮೇಲೇ ಇರುತ್ತದೆ.

ಇಂಥವನಿಗೆ ಕೆಲಸ ಸಿಕ್ಕಿದ್ದು ಮದ್ದೂರಿನ ಒಂದು ಪುಟ್ಟ ಶೆಡ್ಡಿನಲ್ಲಿ. ಗದ್ದೆಯ ಪಂಪ್‌ಸೆಟ್ಟನ್ನು ಮನೆಯಲ್ಲೇ ಕೂತು ಮೊಬೈಲಿನಿಂದ ಆನ್ ಮಾಡುವ ಬೋರ್ಡು ತಯಾರಿಸುತ್ತೇವೆ. ಬೋರ್ಡಿನ ನಡುವೆ ಒಂದು ಚಿಪ್ಪು. ಅದಕ್ಕೆ ಪ್ರೋಗ್ರಾಂ ತುಂಬಲು, ತಪ್ಪಾದರೆ ಒಳಗೆ ಇಣುಕಲು, ಅಂಚಿನಲ್ಲಿ ನಾಲ್ಕು ಬರಿಮೈ ಪಿನ್ನು. ತುಂಬಿ ನಡೆಸಿ ನೋಡುವವಳು ಮಳವಳ್ಳಿ ಕಡೆಯ ಸವಿತಾ. ಕೊನೆಗೆ ಇನ್ನೊಮ್ಮೆ ನೋಡಿ ಡಬ್ಬಿಗೆ ಹಾಕುವವನು ನಾನು. ಈ ಬೇಸಿಗೆಯಲ್ಲಿ ಅವಳ ಮೇಜಿನ ಮೇಲೆ ಮಿನುಗುತ್ತಿದ್ದ ಬೋರ್ಡುಗಳು ನನ್ನ ಮೇಜಿಗೆ ಬರುವಷ್ಟರಲ್ಲಿ ಸಾಯತೊಡಗಿದವು. "ನಡೀತಿತ್ತು ಕಣೋ" ಅಂತಾಳೆ. ನಂಬುತ್ತೇನೆಯೇ? ಓನರ್ ಶಿವಣ್ಣನ ಕಿವಿಯಲ್ಲಿ ಊದಿದೆ: "ಅಣ್ಣ, ನೋಡ್ದೇನೇ ಪಾಸ್ ಮಾಡ್ತಾವ್ಳೆ." ಅವರು ಸಿಡುಕಿದರು: "ಸನಿವಾರದೊಳಗೆ ಸರಿ ಓಗ್ನಿಲ್ಲ ಅಂದ್ರೆ ಅವ್ಳನ್ನ ಮನೆಗೆ ಕಳಿಸ್ಬುಡ್ತೀನಿ ಕಣ್ಲಾ."

ನನ್ನ ಪತ್ತೇದಾರಿಕೆ ಜೋರಾಯಿತು. ಪ್ಲಾಸ್ಟಿಕ್ ಕುರ್ಚಿಯಿಂದ ಪಾಲಿಯೆಸ್ಟರ್ ಪ್ಯಾಂಟು ಉಜ್ಜಿಕೊಂಡು ಏಳುವುದು, ಅವಳ ಟ್ರೇಯಿಂದ ಬೋರ್ಡು ಎತ್ತುವುದು, ಬಂಡೂರು ಕುರಿ ಕೊಳ್ಳುವವರು ಬೆನ್ನು ಸವರುವ ಹಾಗೆ ನಾಲ್ಕೂ ಪಿನ್ನು ಸವರಿ ನೋಡುವುದು. ಅನುಮಾನ ಹೆಚ್ಚಿದಷ್ಟೂ ಸವರಿದೆ. ಸವರಿದಷ್ಟೂ ಸತ್ತವು.

ಶುಕ್ರವಾರ ಸವಿತಾ ಶಿವಣ್ಣನನ್ನು ಕರೆದು ನಿಲ್ಲಿಸಿಕೊಂಡು, ನಡೆಯುತ್ತಿದ್ದ ಹತ್ತು ಬೋರ್ಡು ನನ್ನ ಮುಂದಿಟ್ಟಳು. "ಲೋ ಮಂಜ, ಐದನ್ನ ದಿನಾ ಮಾಡ್ದಂಗೇ ಕುರ್ಚಿಯಿಂದ ಎದ್ದೆದ್ದು ಸವರು. ಐದನ್ನ ಮುಟ್ಬ್ಯಾಡ." ಮುಟ್ಟದ ಐದೂ ಜೀವಂತ. ಸವರಿದ್ದರಲ್ಲಿ ಮೂರು ಮಟಾಷ್.

"ಕುರ್ಚಿ ಉಜ್ಜಿ ಉಜ್ಜಿ ಮೈಯಾಗೆ ಕರೆಂಟು ತುಂಬ್ಕೋತೀಯ, ತಂದು ಪಿನ್ನಿಗೆ ಬುಡ್ತೀಯ" ಅಂದಳು. ನನ್ನ ಕಣ್ಣಿಗೂ ಕಾಣದ ಕಿಡಿ, ಚಿಪ್ಪಿನ ಪಾಲಿಗೆ ಸಿಡಿಲು.

ಆದರೂ ಬಿಟ್ಟೆನೇ? "ಅಣ್ಣ, ಚಿಪ್ಪೇ ಡೂಪ್ಲಿಕೇಟ್ ಇರ್ಬೋದು."

"ಚಿಪ್ಪಲ್ಲ ಕಣ್ಲಾ, ನೀನು!" ಎಂದರು ಶಿವಣ್ಣ.

ಈಗ ಪಿನ್ನುಗಳ ಪಕ್ಕದಲ್ಲೇ ಕಿಡಿಯನ್ನು ಚಿಪ್ಪಿಗೆ ಬಿಡದೆ ಬೇರೆ ದಾರಿಗೆ ತಿರುಗಿಸುವ ಪುಟ್ಟ ಡಯೋಡುಗಳಿವೆ, ಪಿನ್ನುಗಳ ತಲೆಗೊಂದು ಪ್ಲಾಸ್ಟಿಕ್ ಟೋಪಿಯೂ ಇದೆ. ನನ್ನ ಮಣಿಕಟ್ಟಿಗೆ ಪಟ್ಟಿ, ಮೈಯ ಕರೆಂಟು ನೆಲಕ್ಕಿಳಿಯಲೆಂದು ಅದರಿಂದ ಅರ್ತಿಂಗಿಗೆ ವೈರು. ಸವಿತಾಳ ಕೆಲಸ ಉಳಿಯಿತು. ಮೂರು ದಿನ ಧೈರ್ಯ ಕೂಡಿಸಿಕೊಂಡು, ನಾಲ್ಕನೆಯ ದಿನ ಅವಳ ಮೇಜಿನ ಮುಂದೆ ನಿಂತು, ಜೀವನದಲ್ಲಿ ಮೊದಲ ಸಲ ಮನಸ್ಸಿನಿಂದ "ತಪ್ಪಾಯ್ತು ಸವಿತಾ" ಅಂದೆ.

ಅವಳು ಟ್ರೇಯನ್ನು ಎರಡೂ ಕೈಯಿಂದ ತನ್ನ ಕಡೆಗೆ ಎಳೆದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕ್ಲಾ, ಈಗೇನ್ ಸುಟ್ಟೆ?"