ಕುತ್ತಿಗೆಯ ಕೊಬ್ಬು ಮತ್ತು ನನ್ನ ಉಪವಾಸಗಳು

ಭಯವಾದರೆ ಮನುಷ್ಯನಿಗೆ ಬುದ್ಧಿ ಬರುತ್ತದೆ ಅನ್ನುತ್ತಾರೆ. ನನಗೆ ಬಂದದ್ದು ಬರೀ ಭಕ್ತಿ.

ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಲೇ ಮುದುಕನಾದವನು ನಾನು. ಒಂದು ದಿನ ಗಿರಾಕಿಗೆ ಸೆರಗು ತೋರಿಸುತ್ತಿದ್ದಾಗ ಬಲಗೈ ಮರಗಟ್ಟಿ ಸೀರೆ ಜಾರಿ ಬಿತ್ತು. ಸ್ವಲ್ಪ ಹೊತ್ತಿಗೆ ಕೈ ಸರಿಹೋದರೂ ಹೆಂಡತಿ ಶಾಂತವ್ವ ಬಿಡದೆ ಬಾಗಲಕೋಟೆಯ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಎದೆ ಬಿಟ್ಟು ಕುತ್ತಿಗೆಗೆ ಸ್ಟೆತಸ್ಕೋಪು ಇಟ್ಟಾಗಲೇ ನನ್ನ ಅರ್ಧ ಜೀವ ಹೋಗಿತ್ತು.

"ರಕ್ತನಾಳದಾಗ ಕೊಬ್ಬು ಅಂಟೈತ್ರಿ. ರಕ್ತ ಹರಿಯೋ ಸಪ್ಪಳ ಕೇಳಸ್ತೈತಿ."

"ಗುಳಿಗಿ ನುಂಗಿದ್ರ ಕರಗತೈತೇನ್ರಿ?"

"ರಕ್ತದಾಗಿನ ಕೊಬ್ಬು ಇಳಿತೈತಿ. ಅಂಟಿದ್ದು ಕರಗತೈತೋ ಇಲ್ಲೋ, ದೊಡ್ಡ ಡಾಕ್ಟರಿಗೂ ಇನ್ನೂ ಪೂರಾ ಗೊತ್ತಿಲ್ರಿ. ಬೆಳಿಯೋದು ನಿಂತ್ರೂ ನಿಮ್ಮ ಪುಣ್ಯ. ಗುಳಿಗಿ ಬಿಟ್ರ ಲಕ್ವಾ ಹೊಡದು ಕೈಕಾಲು ಬೀಳ್ತಾವ."

ಅಂದಿನಿಂದ ನಾನು ಕುತ್ತಿಗೆ ತಿರುಗಿಸುವುದನ್ನೇ ಬಿಟ್ಟೆ. ಯಾರಾದರೂ ಹಿಂದಿನಿಂದ ಕರೆದರೆ ಎತ್ತಿನ ಬಂಡಿಯಂತೆ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. "ಯಾಕ್ರಿ ಕಾಕಾ, ಬಾಸಿಂಗ ಕಟ್ಟಿದ ಮದುಮಗನಂಗ ನಿಂತೀರಲ್ಲ?" ಎಂದು ಗಿರಾಕಿಗಳು ನಗುತ್ತಿದ್ದರು. ಕಿವಿ ಮುಚ್ಚಿದರೆ ಒಳಗೆ ಏನೋ ಸುಯ್ಗುಟ್ಟುತ್ತಿತ್ತು. ತೆರೆದರೆ ಅದು ಕೇಳದೆ ಇನ್ನೂ ಹೆದರಿಕೆಯಾಗುತ್ತಿತ್ತು.

ಗುಳಿಗೆಯೊಂದನ್ನೇ ನಂಬಲು ಧೈರ್ಯ ಸಾಲದೆ ಉಪವಾಸದ ಹರಕೆ ಹೊತ್ತೆ. ಸೋಮವಾರ ಶಿವನಿಗೆ, ಗುರುವಾರ ಗುರುಗಳಿಗೆ, ಶನಿವಾರ ಹಣಮಪ್ಪನಿಗೆ. ಉಪವಾಸದ ದಿನ ಧಾನ್ಯ ಮುಟ್ಟಬಾರದು. ಗುಳಿಗೆಯಲ್ಲಿ ಯಾವ ಧಾನ್ಯದ ಹಿಟ್ಟು ಬೆರೆಸಿರುತ್ತಾರೋ ಯಾರು ಬಲ್ಲರು? ಆದ್ದರಿಂದ ಆ ದಿನಗಳಲ್ಲಿ ಗುಳಿಗೆಗೂ ರಜೆ. ಸಾಬೂದಾಣಿ ಖಿಚಡಿಗೆ ಮಾತ್ರ ಶಾಸ್ತ್ರದ ಅಡ್ಡಿಯಿರಲಿಲ್ಲ. ಕೈತುಂಬ ಶೇಂಗಾ, ಮೇಲೆ ಧಾರಾಳ ತುಪ್ಪ. ಅಂಥ ಉಪವಾಸ ಎಷ್ಟಾದರೂ ಮಾಡಬಹುದಿತ್ತು.

ಕೆಲವು ತಿಂಗಳ ಮೇಲೆ ದವಾಖಾನೆಯಲ್ಲಿ ಮತ್ತೆ ರಕ್ತ ತಪಾಸಣೆಯಾಯಿತು. "ಕೊಬ್ಬು ಇಳಿಯೋದು ಬಿಟ್ಟು ಏರೈತಲ್ರಿ! ದಿನಾ ಗುಳಿಗಿ ತಗೋತೀರಿಲ್ಲೋ?" ಎಂದರು ಡಾಕ್ಟರು.

"ತಗೋತೇನ್ರಿ."

"ಎಲ್ಲಿ ದಿನಾ?" ಎಂದಳು ಶಾಂತವ್ವ. "ವಾರಕ್ಕ ಮೂರು ಉಪವಾಸ್ರಿ ಸಾಹೇಬರ. ಗುಳಿಗಿ ಮುಟ್ಟಂಗಿಲ್ಲ, ತುಪ್ಪ ಬಿಡಂಗಿಲ್ಲ. ನಾ ಬಾಯಿ ತೆಗದ್ರ, ನಾಸ್ತಿಕಳು ಅಂತಾರ!"

ಡಾಕ್ಟರು ನಗಲಿಲ್ಲ. "ಯಜಮಾನ್ರ, ನಾಳೆ ನಿಮ್ಮ ಕೈ ಬಿದ್ರ, ತುತ್ತು ಮಾಡಿ ಉಣಸಾಕ ಯಾವ ದೇವರೂ ಬರಂಗಿಲ್ಲ. ಈ ತಾಯೀನೇ ಉಣಸಬೇಕು."

ಶಾಂತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ನನ್ನ ಕುತ್ತಿಗೆಯ ಭಯವನ್ನು ನನಗಿಂತ ಹೆಚ್ಚಾಗಿ ಅವಳೇ ಹೊತ್ತಿದ್ದಳೆಂದು ಆಗ ತಿಳಿಯಿತು.

ಈಗ ದಿನಾ ಬೆಳಿಗ್ಗೆ ಅವಳ ಎದುರಿಗೇ ಗುಳಿಗೆ ನುಂಗುತ್ತೇನೆ. ಉಪವಾಸದ ಹರಕೆ ಮುರಿದದ್ದಕ್ಕೆ ಮೂವರು ದೇವರಿಗೂ ಕೈಮುಗಿದು ಬೇಡಿಕೊಂಡಿದ್ದೇನೆ: ತಪ್ಪು ನನ್ನದೇ. ಸಿಟ್ಟು ತೀರಿಸಿಕೊಳ್ಳಲೇಬೇಕೆಂದರೆ ಮೊಣಕಾಲಿನಲ್ಲಿ ತೀರಿಸಿಕೊಳ್ಳಿ, ಕುತ್ತಿಗೆಯ ತಂಟೆಗೆ ಬರಬೇಡಿ.